ಮಲೆನಾಡಿನ ಹಿತ್ತಿಲಲ್ಲಿ ಜುಕಿನಿ: ಬೀಜ ಹಾಕುವುದರಿಂದ ಕಾಯಿ ಕೊಯ್ಯುವವರೆಗೆ

ಜುಕಿನಿ, ಅಂದರೆ ಎಳೆಯದರಲ್ಲೇ ಕೊಯ್ದು ತಿನ್ನುವ, ಸೌತೆಯಂಥ ಕಾಯಿ ಬಿಡುವ ಕುಂಬಳದ ಕುಲದ ತರಕಾರಿ. ಅದನ್ನು ಹಾಕಿ ಕೈಸುಟ್ಟುಕೊಂಡವರ ದೂರು ಹೆಚ್ಚುಕಮ್ಮಿ ಒಂದೇ ಬಗೆಯದು. ಗಿಡ ಚೆನ್ನಾಗಿಯೇ ಬಂತು, ಎಲೆ ಅಗಲವಾಯಿತು, ಹೂವೂ ಬಿಟ್ಟಿತು; ಮಿಡಿ ಮಾತ್ರ ಹೆಬ್ಬೆರಳಿನಷ್ಟಾಗಿ ತುದಿಯಿಂದ ಹಳದಿಯಾಗುತ್ತ ಉದುರಿಹೋಯಿತು. ಕೆಲವರ ಗಿಡ ಅಲ್ಲಿಯವರೆಗೂ ಬರುವುದಿಲ್ಲ, ಮಳೆ ಹಿಡಿದ ವಾರದಲ್ಲೇ ಬುಡ ಕರಗಿ ಮಲಗಿಬಿಡುತ್ತದೆ.

ಜುಕಿನಿಯನ್ನು ನಮ್ಮ ಸೌತೆ, ಹೀರೆಯ ಲೆಕ್ಕದಲ್ಲಿ ಬೆಳೆಸಲು ಹೋಗುವುದೇ ಎರಡಕ್ಕೂ ಮೂಲ. ಸೌತೆಯನ್ನು ಮೊದಲ ಮಳೆಗೆ ಹಾಕಿ ಚಪ್ಪರಕ್ಕೆ ಹಬ್ಬಿಸಿಬಿಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಜುಕಿನಿ ಹಬ್ಬುವುದಿಲ್ಲ, ಒಂದೇ ಬುಡದ ಮೇಲೆ ಪೊದೆಯಾಗಿ ನಿಲ್ಲುತ್ತದೆ. ಮಲೆನಾಡಿನ ಮಳೆಗಾಲವನ್ನು ಅದು ತಾಳುವುದಿಲ್ಲ. ಕಾಯಿ ಕಚ್ಚಬೇಕಾದರೆ ಬೆಳಗಿನ ಹೊತ್ತು ನಿಮ್ಮ ಕೈಯೂ ಸ್ವಲ್ಪ ಆಡಬೇಕು. ಕೆಳಗಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ಬೀಜ ತಂದ ಮೇಲೆ ಗುಂಡಿ ತೋಡಲು ಹೊರಟರೆ ಅಷ್ಟರಲ್ಲೇ ಮೂರು ವಾರ ತಡವಾಗಿರುತ್ತದೆ.

ಮೊದಲೇ ಜೋಡಿಸಿಟ್ಟುಕೊಳ್ಳಬೇಕಾದದ್ದು

ಹಾರೆ, ಗುದ್ದಲಿ, ಬುಟ್ಟಿ. ಪ್ರತಿ ಗಿಡಕ್ಕೆ 4–5 ಕೆ.ಜಿ. ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, 100–150 ಗ್ರಾಂ ಬೇವಿನ ಹಿಂಡಿ, 100 ಗ್ರಾಂ ಕೃಷಿ ಸುಣ್ಣ. ಒಂದು ಪೊಟ್ಟಣ ಟ್ರೈಕೋಡರ್ಮಾ (ಬುಡಕೊಳೆ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ). ಹಳೆಯ ಸೊಳ್ಳೆಪರದೆ, ಅದನ್ನು ಎತ್ತಿ ಹಿಡಿಯಲು ನಾಲ್ಕು ಅಡಿಕೆ ದಬ್ಬೆ. ಬುಡಕ್ಕೆ ಹೊದಿಸಲು ದರಕು (ಉದುರಿದ ಒಣ ಎಲೆ) ಅಥವಾ ಒಣಹುಲ್ಲು. ಹರಿತವಾದ ಸಣ್ಣ ಚಾಕು. ಕಾಯಿಗೆ ಕಟ್ಟಲು ಕಾಗದದ ಚೀಲ ಅಥವಾ ಹಳೆ ಬಟ್ಟೆ. ಹಣ್ಣುನೊಣ ಹಿಡಿಯುವ ಬಲೆಯೊಂದು. ಅದರೊಳಗಿನ ಮದ್ದು ಯಾವುದಿರಬೇಕೆಂಬುದು ಮುಂದೆ ಬರುತ್ತದೆ, ಓದದೆ ಕೊಳ್ಳಬೇಡಿ.

ಹಂತ 1: ಕಾಲ ನಿಶ್ಚಯಿಸಿ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಆರುವುದೇ ಇಲ್ಲ. ಆ ನಾಲ್ಕು ತಿಂಗಳು ಬಯಲಲ್ಲಿ ಜುಕಿನಿ ಹಾಕಲೇಬೇಡಿ. ಬೇರು ಉಸಿರುಗಟ್ಟುತ್ತದೆ, ಹೂವಿನೊಳಗೆ ನೀರು ನಿಂತು ಪರಾಗ ಹಾಳಾಗುತ್ತದೆ, ಜೇನು ಗೂಡು ಬಿಟ್ಟು ಹೊರಡುವುದಿಲ್ಲ. ಎಷ್ಟು ಗೊಬ್ಬರ ಕೊಟ್ಟರೂ ಇದಕ್ಕೆ ಪರಿಹಾರವಿಲ್ಲ.

ದೀಪಾವಳಿ ಕಳೆದು, ಹಿಂಗಾರಿನ ಬಿಡಿ ಮಳೆಯೂ ನಿಂತ ಮೇಲೆ ಬಿತ್ತುವುದು ಸರಿ. ಘಟ್ಟದ ಮೇಲಿನ ದಟ್ಟ ಮಲೆನಾಡಿಗೆ ನವೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಒಳ್ಳೆಯ ಕಾಲ. ಶಿವಮೊಗ್ಗ ಪೇಟೆ, ಭದ್ರಾವತಿ, ಶಿಕಾರಿಪುರದಂಥ ಅರೆಮಲೆನಾಡಿನಲ್ಲಿ ಅಕ್ಟೋಬರ್ ಕೊನೆಗೇ ಶುರುಮಾಡಿ ಫೆಬ್ರವರಿ ಮೊದಲ ವಾರದವರೆಗೂ ಹಾಕಬಹುದು. ಬಿತ್ತಿದ 45–55 ದಿನಕ್ಕೆ ಮೊದಲ ಕಾಯಿ, ಅಲ್ಲಿಂದ ಸುಮಾರು ಒಂದು ತಿಂಗಳು ಫಸಲು. ಈ ಲೆಕ್ಕ ಹಿಡಿದರೆ ಮೇ ತಿಂಗಳ ಗುಡುಗುಮಳೆ ಬರುವ ಮೊದಲೇ ಗಿಡ ಕಿತ್ತು ಮುಗಿದಿರುತ್ತದೆ.

ಎಲ್ಲ ಬೀಜವನ್ನೂ ಒಂದೇ ದಿನ ಹಾಕಬೇಡಿ. ಮನೆಗೆ ಆರು ಗಿಡ ಸಾಕು: ಮೊದಲು ನಾಲ್ಕು, ಮೂರು ವಾರ ಬಿಟ್ಟು ಇನ್ನೆರಡು. ನಾಲ್ಕಕ್ಕಿಂತ ಕಡಿಮೆ ಗಿಡದಿಂದ ಶುರುಮಾಡಿದರೆ ಒಂದೇ ದಿನ ಗಂಡು ಹೂವೂ ಹೆಣ್ಣು ಹೂವೂ ಅರಳುವ ಸಂಭವ ತೀರಾ ಕಡಿಮೆಯಾಗುತ್ತದೆ.

ಹಂತ 2: ಬಿಸಿಲು ನೋಡಿ ಜಾಗ ಹಿಡಿಯಿರಿ

ಜುಕಿನಿಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಮಲೆನಾಡಿನ ಹಿತ್ತಿಲಲ್ಲಿ ಇದೇ ಕಷ್ಟದ ಕೆಲಸ. ಅಡಿಕೆ ತೋಟದ ಸಂದಿನಲ್ಲಿ, ಹಲಸಿನ ಮರದ ನೆರಳಲ್ಲಿ, ಎತ್ತರದ ಧರೆಯ ಮಗ್ಗುಲಲ್ಲಿ ಹಾಕಿದ ಗಿಡ ಎಲೆಯ ದಂಟನ್ನು ಉದ್ದುದ್ದ ಎಳೆದುಕೊಂಡು ಬೆಳೆಯುತ್ತದೆ, ಹೆಣ್ಣು ಹೂವು ಅಪರೂಪವಾಗುತ್ತದೆ. ಬಿತ್ತುವ ಮೊದಲು ಒಂದು ದಿನ ಬೆಳಿಗ್ಗೆ 8, ಮಧ್ಯಾಹ್ನ 12 ಮತ್ತು 4 ಗಂಟೆಗೆ ಹೋಗಿ ನೆರಳು ಎಲ್ಲಿ ಬೀಳುತ್ತದೆಂದು ನೋಡಿ ಬನ್ನಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮಳೆಗಾಲಕ್ಕೆ ಮುಂಚೆ ಬಿಸಿಲಿದ್ದ ಜಾಗ ಈಗ ನೆರಳಾಗಿರಬಹುದು.

ಬೆಳಗಿನ ಬಿಸಿಲು ಬೇಗ ತಾಗುವ ಪೂರ್ವದ ಮಗ್ಗುಲಿಗೆ ಮೊದಲ ಆದ್ಯತೆ. ಇಬ್ಬನಿ ಬೇಗ ಆರಿದಷ್ಟೂ ಎಲೆ ರೋಗ ಕಡಿಮೆ. ಭತ್ತದ ಕಣ ಮಾಡುತ್ತಿದ್ದ ಅಂಗಳದ ಅಂಚು, ಅಡಿಕೆ ಒಣಗಿಸುವ ಜಾಗದ ಪಕ್ಕ ಇದಕ್ಕೆ ಹೇಳಿ ಮಾಡಿಸಿದ್ದು. ಅದೇ ವರ್ಷ ಸೌತೆ, ಕುಂಬಳ, ಹಾಗಲ ಬೆಳೆದಿದ್ದ ಮಡಿ ಬೇಡ. ಆ ಬೆಳೆಗಳ ಕೀಟವೂ ರೋಗವೂ ಇದಕ್ಕೂ ಹತ್ತುತ್ತವೆ.

ಹಂತ 3: ಬಿತ್ತುವುದಕ್ಕೆ ಮೂರು ವಾರ ಮೊದಲು ಗುಂಡಿ

ನಮ್ಮ ಜಂಬಿಟ್ಟಿಗೆ ಮಣ್ಣಿನ ಸಾರವನ್ನು ಮಳೆ ತೊಳೆದು ಒಯ್ದಿರುತ್ತದೆ, ಹುಳಿ ಉಳಿದಿರುತ್ತದೆ. ಜುಕಿನಿಗೆ ಬೇಕಾದ ರಸಸಾರ (ಪಿಎಚ್) 6ರಿಂದ 7.5; ಮಲೆನಾಡಿನ ಎಷ್ಟೋ ಹಿತ್ತಿಲುಗಳಲ್ಲಿ ಅದು 5.5ಕ್ಕಿಂತ ಕೆಳಗಿರುತ್ತದೆ. ಸಾಧ್ಯವಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಶಿವಮೊಗ್ಗದ ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ದಾರಿ ತಿಳಿಯುತ್ತದೆ. ಮಾಡಿಸಲಾಗದಿದ್ದರೆ ಗುಂಡಿಗೆ 100 ಗ್ರಾಂನಷ್ಟು ಸುಣ್ಣವನ್ನು ಮೀರಬೇಡಿ.

ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಉದ್ದ, ಒಂದು ಅಡಿ ಆಳದ ಗುಂಡಿ ತೋಡಿ. ಗಿಡದಿಂದ ಗಿಡಕ್ಕೆ ಮೂರು ಅಡಿ ಅಂತರವಿರಲಿ. ಈಗ ಖಾಲಿ ಖಾಲಿ ಕಾಣುತ್ತದೆ ಎಂದು ಒತ್ತೊತ್ತಾಗಿ ಹಾಕುವುದು ತೀರಾ ಸಾಮಾನ್ಯ ತಪ್ಪು. ಎರಡು ತಿಂಗಳಿಗೆ ಒಂದೊಂದು ಗಿಡವೂ ಮೂರಡಿ ಅಗಲಕ್ಕೆ ಹರಡುತ್ತದೆ, ನಡುವೆ ಗಾಳಿ ಆಡದಿದ್ದರೆ ಬೂದಿರೋಗ ಖಚಿತ.

ತೆಗೆದ ಮಣ್ಣಿಗೆ ಮೊದಲು ಸುಣ್ಣ ಮಾತ್ರ ಬೆರೆಸಿ, ನೀರು ಚಿಮುಕಿಸಿ, ಗುಂಡಿಗೆ ಹಾಕಿ ಬಿಡಿ. ಗೊಬ್ಬರ ಎರಡು ವಾರ ಕಳೆದ ಮೇಲೆ. ಸುಣ್ಣವನ್ನೂ ಕೊಟ್ಟಿಗೆ ಗೊಬ್ಬರವನ್ನೂ ಒಟ್ಟಿಗೇ ಕಲಸಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಬಚ್ಚಲ ಒಲೆಯ ಬೂದಿಯೂ ಇದೇ ಕೆಲಸ ಮಾಡುತ್ತದೆ, ಅದನ್ನೂ ಗೊಬ್ಬರದ ಜೊತೆ ಕಲಸಬೇಡಿ. ಈ ಎರಡು ವಾರದಲ್ಲಿ ಗೊಬ್ಬರವನ್ನು ಬೇರೆ ಕಡೆ ಹದಮಾಡಿಕೊಳ್ಳಬಹುದು: 50 ಕೆ.ಜಿ. ಕಳಿತ ಗೊಬ್ಬರಕ್ಕೆ ಅರ್ಧ ಕೆ.ಜಿ. ಟ್ರೈಕೋಡರ್ಮಾ ಬೆರೆಸಿ, ಹಿಂಡಿದರೆ ಉಂಡೆಯಾಗುವಷ್ಟು ನೀರು ಹಾಕಿ, ನೆರಳಲ್ಲಿ ಗೋಣಿತಾಟು ಹೊದಿಸಿಡಿ. ನಡುವೆ ಒಮ್ಮೆ ತಿರುವಿಹಾಕಿ. ಬುಡಕೊಳೆ ತರುವ ಶಿಲೀಂಧ್ರವನ್ನು ತಡೆಯುವ ಅಗ್ಗದ ದಾರಿ ಇದು.

ಎರಡು ವಾರ ಕಳೆದ ಮೇಲೆ ಗುಂಡಿಯ ಮಣ್ಣಿಗೆ ಈ ಗೊಬ್ಬರವನ್ನೂ ಬೇವಿನ ಹಿಂಡಿಯನ್ನೂ ಸೇರಿಸಿ, ನೆಲಕ್ಕಿಂತ ಒಂದು ಗೇಣು ಎತ್ತರಕ್ಕೆ ದಿಬ್ಬ ಮಾಡಿ. ಮತ್ತೆ ಒಂದು ವಾರ ಹಾಗೇ ಇರಲಿ. ಇಳಿಜಾರಿನ ಹಿತ್ತಿಲಾದರೆ ಮೇಲ್ಮಗ್ಗುಲಲ್ಲಿ ಸಣ್ಣ ಕಾಲುವೆ ತೆಗೆದು, ಅಕಾಲದ ಮಳೆ ಬಂದರೂ ನೀರು ಬದಿಗೆ ಹೋಗುವಂತೆ ಮಾಡಿ.

ಎಚ್ಚರಿಕೆ: ಗೊಬ್ಬರವನ್ನು ಮುಷ್ಟಿಯಲ್ಲಿ ಹಿಡಿದಾಗ ಬೆಚ್ಚಗಿದ್ದರೆ, ಸೆಗಣಿಯ ವಾಸನೆ ಇನ್ನೂ ಇದ್ದರೆ, ಅದು ಕಳಿತಿಲ್ಲ. ಎಳೆಬೇರು ಸುಡುತ್ತದೆ, ಗೆದ್ದಲೂ ಗೊಬ್ಬರದ ಹುಳವೂ ಬರುತ್ತವೆ.

ಹಂತ 4: ಬೀಜ

ಪೂಸಾ ಅಲಂಕಾರ್, ಆಸ್ಟ್ರೇಲಿಯನ್ ಗ್ರೀನ್, ಬ್ಲ್ಯಾಕ್ ಬ್ಯೂಟಿ ಹೆಸರಿನ ತಳಿಗಳು ಹಸಿರು ಕಾಯಿಯವು. ಹಳದಿ ಕಾಯಿಯ ಹೈಬ್ರಿಡ್‌ಗಳೂ ಸಿಗುತ್ತವೆ. ಮೊದಲ ಸಲಕ್ಕೆ ಹಸಿರೇ ಒಳ್ಳೆಯದು: ಮಿಡಿ ಹಳದಿಗಟ್ಟುವ ಮುನ್ಸೂಚನೆ ಹಸಿರು ಕಾಯಿಯ ಮೇಲೆ ಬೇಗ ಕಣ್ಣಿಗೆ ಬೀಳುತ್ತದೆ. ಪೊಟ್ಟಣದ ಮೇಲೆ ಪ್ಯಾಕ್ ಮಾಡಿದ ದಿನಾಂಕ ನೋಡಿಯೇ ಕೊಳ್ಳಿ. ಒಂದು ಮಳೆಗಾಲ ಅಂಗಡಿಯಲ್ಲಿ ತೇವ ಎಳೆದುಕೊಂಡ ಬೀಜದ ಮೊಳಕೆ ಬಲಹೀನ.

ಬೀಜ ಬಿಳಿಯಾಗಿದ್ದರೆ ಉಗುರುಬೆಚ್ಚಗಿನ ನೀರಲ್ಲಿ 4–5 ಗಂಟೆ ನೆನೆಸಿ, ರಾತ್ರಿಯಿಡೀ ಬೇಡ. ಗುಲಾಬಿ, ನೀಲಿ, ಹಸಿರು ಬಣ್ಣ ಹಚ್ಚಿದ್ದರೆ ಅದು ಶಿಲೀಂಧ್ರನಾಶಕ ಲೇಪಿಸಿದ ಬೀಜ. ಅದನ್ನು ನೆನೆಸದೆ ನೇರ ಬಿತ್ತಿ, ಕೈ ಸೋಪಿನಲ್ಲಿ ತೊಳೆಯಿರಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಪ್ರತಿ ದಿಬ್ಬಕ್ಕೆ ಎರಡು ಬೀಜ, ಒಂದು ಅಂಗುಲ ಆಳ, ಚಪ್ಪಟೆಯಾಗಿ ಇಲ್ಲವೇ ಅಂಚಿನ ಮೇಲೆ. ನೀರು ಹಾಕಿ ತೆಳುವಾಗಿ ದರಕು ಮುಚ್ಚಿ. ಮೊಳಕೆ ಮಣ್ಣು ಸೀಳುವವರೆಗೆ ಮತ್ತೆ ನೀರು ಸುರಿಯಬೇಡಿ, ಮೇಲ್ಮಣ್ಣು ಒಣಗಿದರೆ ಕೈಯಲ್ಲಿ ಚಿಮುಕಿಸಿ. ಬೀಜ ಹುಟ್ಟದೆ ಹೋಗುವುದಕ್ಕೆ ಹೆಚ್ಚಿನ ಸಲ ಕಾರಣ ಅತಿಯಾದ ನೀರು.

ಮಣ್ಣು ಬೆಚ್ಚಗಿದ್ದರೆ 5–8 ದಿನಕ್ಕೆ ಮೊಳಕೆ ಕಾಣುತ್ತದೆ. ಡಿಸೆಂಬರ್-ಜನವರಿಯ ಚಳಿಯಲ್ಲಿ, ಮಣ್ಣು 15 ಡಿಗ್ರಿಗಿಂತ ತಣ್ಣಗಾದರೆ, ಬೀಜ ನೆಲದಲ್ಲೇ ಕೊಳೆಯುತ್ತದೆ. ಆಗ ಮೊಳಕೆಯನ್ನು ಮನೆಯೊಳಗೇ ಬರಿಸುವುದು ಜಾಣತನ. ನೆನೆಸಿದ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಬಚ್ಚಲ ಒಲೆಯ ಹತ್ತಿರ ಬೆಚ್ಚಗಿರುವ, ಆದರೆ ಸುಡದ ಕಡೆ ಇಡಿ. ಎರಡು-ಮೂರು ದಿನಕ್ಕೆ ಬಿಳಿ ಬೇರು ಇಣುಕುತ್ತದೆ. ಅದು ಅರ್ಧ ಅಂಗುಲ ಆಗುವ ಮುಂಚೆಯೇ, ಬೇರು ಕೆಳಮುಖವಾಗಿ, ದಿಬ್ಬಕ್ಕೆ ದಾಟಿಸಿ.

ಕೊಟ್ಟೆಯಲ್ಲಿ ಸಸಿ ಮಾಡುವವರಿಗೆ ಅಡಿಕೆ ಹಾಳೆಯನ್ನು ಸುತ್ತಿ ಮಾಡಿದ ಕೊಟ್ಟೆ ಅಥವಾ ಕಾಗದದ ಲೋಟ ಸಾಕು. ಎರಡು ನಿಜವಾದ ಎಲೆ ಬಂದ ಕೂಡಲೆ, ಅಂದರೆ ಸುಮಾರು ಎರಡೂವರೆ ವಾರಕ್ಕೆ, ಬೇರಿನ ಮುದ್ದೆ ಒಡೆಯದಂತೆ ನೆಡಿ. ಮೆಣಸಿನ ಸಸಿಯಂತೆ ಕಿತ್ತು ನೆಟ್ಟರೆ ಜುಕಿನಿ ಸುಧಾರಿಸಿಕೊಳ್ಳುವುದಿಲ್ಲ. ಇದೇ ಕಾರಣಕ್ಕೆ, ಜಾಗ ಸಿದ್ಧವಿದ್ದರೆ ನೇರ ಬಿತ್ತನೆಯೇ ಮೇಲು.

ಇಲಿ, ಹೆಗ್ಗಣ ಬೀಜ ಅಗೆದು ತಿನ್ನುವ ಹಿತ್ತಿಲಾದರೆ ಮೊದಲ ವಾರ ದಿಬ್ಬದ ಮೇಲೆ ತಂತಿಬಲೆ ಮಗುಚಿಡಿ.

ಹಂತ 5: ಮೊದಲ ಮೂರು ವಾರದ ಕಾವಲು

ಎರಡೂ ಬೀಜ ಹುಟ್ಟಿದರೆ, ಎರಡನೇ ಎಲೆ ಬಿಚ್ಚಿದ ಮೇಲೆ ಬಡಕಲು ಸಸಿಯನ್ನು ಬುಡದಲ್ಲಿ ಕತ್ತರಿಸಿ. ಕೀಳಬೇಡಿ, ಪಕ್ಕದ ಸಸಿಯ ಬೇರು ಅಲುಗುತ್ತದೆ. ಎರಡೂ ಇರಲಿ ಎಂಬ ಮಮಕಾರಕ್ಕೆ ಬಿಟ್ಟರೆ ಎರಡರಿಂದಲೂ ಕಾಯಿ ಸಿಗುವುದಿಲ್ಲ.

ಈ ಹೊತ್ತಿನ ದೊಡ್ಡ ಶತ್ರು ಕೆಂಪು ಕುಂಬಳ ಜೀರುಂಡೆ. ಕಿತ್ತಳೆಗೆಂಪು ಬಣ್ಣದ, ಅಕ್ಕಿಕಾಳಿಗಿಂತ ತುಸು ದೊಡ್ಡ ಹುಳು ಬೀಜದೆಲೆಯಲ್ಲಿ ತೂತು ಕೊರೆಯುತ್ತ ಎರಡೇ ದಿನದಲ್ಲಿ ಸಸಿಯನ್ನು ಜಾಲರಿ ಮಾಡಿಬಿಡುತ್ತದೆ. ಅದರ ಮರಿಹುಳು ಮಣ್ಣಿನಲ್ಲಿದ್ದು ಬೇರು ತಿನ್ನುತ್ತದೆ. ಬಿತ್ತಿದ ದಿನವೇ ಸೊಳ್ಳೆಪರದೆ ಕಟ್ಟಿ, ಅಂಚಿಗೆ ಮಣ್ಣು ಒತ್ತಿ. ಅಷ್ಟು ಮಾಡಿದರೆ ಔಷಧಿಯ ಅಗತ್ಯವೇ ಬೀಳುವುದಿಲ್ಲ. ಪರದೆ ಇಲ್ಲದಿದ್ದರೆ ಬಿಸಿಲು ಏರುವ ಮೊದಲು ಹೋಗಿ. ಚಳಿಗೆ ಹುಳು ಹಾರಲಾರದು, ಹಿಡಿದು ಸೋಪಿನ ನೀರಿಗೆ ಹಾಕಬಹುದು. ಇಬ್ಬನಿ ಇರುವಾಗಲೇ ಎಲೆಯ ಮೇಲೆ ತೆಳುವಾಗಿ ಜರಡಿ ಹಿಡಿದ ಬೂದಿ ಉದುರಿಸಿದರೂ ತಕ್ಕಮಟ್ಟಿಗೆ ತಡೆಯುತ್ತದೆ.

ಸಸಿ ಸಂಜೆ ಚೆನ್ನಾಗಿದ್ದು ಬೆಳಿಗ್ಗೆ ಮಲಗಿದ್ದರೆ ಬುಡ ನೋಡಿ. ನೂಲಿನಂತೆ ಸಣ್ಣಗಾಗಿ ಕಂದಾಗಿದ್ದರೆ ಅದು ಬುಡಕೊಳೆ, ಆ ಸಸಿ ಉಳಿಯುವುದಿಲ್ಲ. ಅದೇ ಗುಂಡಿಗೆ ಕೂಡಲೆ ಮತ್ತೆ ಬಿತ್ತದೆ, ಮೇಲ್ಮಣ್ಣನ್ನು ಒಂದು ವಾರ ಬಿಸಿಲಿಗೆ ಆರಲು ಬಿಡಿ. ಬುಡ ಅಡ್ಡಕ್ಕೆ ಕತ್ತರಿಸಿದಂತಿದ್ದರೆ ಮಣ್ಣನ್ನು ಎರಡು ಅಂಗುಲ ಕೆದಕಿ, ಸುರುಳಿ ಸುತ್ತಿಕೊಂಡ ಕತ್ತರಿಹುಳು ಅಲ್ಲೇ ಸಿಗುತ್ತದೆ.

ಹಂತ 6: ನೀರು, ಮುಚ್ಚಿಗೆ, ಮೇಲುಗೊಬ್ಬರ

ನೀರು ಯಾವಾಗಲೂ ಬುಡಕ್ಕೆ, ಎಲೆಗಲ್ಲ, ಬೆಳಿಗ್ಗೆ, ಸಂಜೆಯಲ್ಲ. ಸಸಿಗೆ ದಿನ ಬಿಟ್ಟು ದಿನ ಒಂದು ಲೀಟರ್, ಹೂ ಬಂದ ಮೇಲೆ 3–4 ಲೀಟರ್. ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ, ತೇವ ತಾಗಿದರೆ ಆ ದಿನ ನೀರು ಬೇಡ.

ಮಧ್ಯಾಹ್ನ ಎಲೆ ಜೋತಾಡುವುದನ್ನು ಕಂಡು ಓಡಿಹೋಗಿ ನೀರು ಸುರಿಯುವವರು ಬಹಳ. ಅಗಲ ಎಲೆಯ ಗಿಡ ಬಿರುಬಿಸಿಲಿಗೆ ಬಾಡುವುದು ಸಹಜ, ಸಂಜೆ ಐದಕ್ಕೆ ಮತ್ತೆ ನಿಗುರುತ್ತದೆ. ಸಂಜೆಯೂ ಬಾಡಿದ್ದು, ಮಣ್ಣು ಒದ್ದೆಯಿದ್ದರೆ ಮಾತ್ರ ಗಾಬರಿಯಾಗಬೇಕು. ಬೇರು ಕೊಳೆತಿದೆ ಅಥವಾ ಹುಳು ಹಿಡಿದಿದೆ.

ದರಕು ಇಲ್ಲವೇ ಹುಲ್ಲನ್ನು ಮೂರು ಅಂಗುಲ ದಪ್ಪಕ್ಕೆ ಹಾಸಿ, ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಮುಚ್ಚಿಗೆ ಕಾಂಡಕ್ಕೆ ತಾಗಿದರೆ ಬುಡ ಸದಾ ಒದ್ದೆಯಿದ್ದು ಕೊಳೆಯುತ್ತದೆ, ಬಸವನಹುಳುವಿಗೂ ಮನೆಯಾಗುತ್ತದೆ.

ನಾಲ್ಕೈದು ಎಲೆಯಾದಾಗ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಮೊದಲ ಮೊಗ್ಗು ಕಂಡ ಮೇಲೆ ಹತ್ತು ದಿನಕ್ಕೊಮ್ಮೆ ಹತ್ತು ಪಾಲು ನೀರಿಗೆ ಒಂದು ಪಾಲು ಜೀವಾಮೃತ (ಸೆಗಣಿ, ಗಂಜಲದಿಂದ ಮಾಡಿದ ದ್ರವಗೊಬ್ಬರ) ಬೆರೆಸಿ ಗಿಡಕ್ಕೊಂದು ಲೀಟರ್. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವೆಜಿಟೇಬಲ್ ಸ್ಪೆಷಲ್ ಎಂಬ ಲಘುಪೋಷಕಾಂಶದ ಪುಡಿ ಸಿಕ್ಕರೆ ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಸಿಂಪಡಿಸಬಹುದು. ಯೂರಿಯಾ ಬೇಡ, ಹಸಿ ಸೆಗಣಿ ಬಗ್ಗಡವನ್ನು ಬಕೆಟ್‌ಗಟ್ಟಲೆ ಹುಯ್ಯುವುದೂ ಬೇಡ. ಎಲೆ ಕಡುಹಸಿರಾಗಿ ಸೊಕ್ಕಿ ಹೂವೇ ಕಾಣದಿದ್ದರೆ ಸಾರಜನಕ ಹೆಚ್ಚಾಗಿದೆ ಎಂದರ್ಥ. ಎರಡು ವಾರ ಗೊಬ್ಬರ ನಿಲ್ಲಿಸಿ.

ಹಂತ 7: ಹೂವು ಕೂಡಿಸುವುದು

ಹತ್ತರಲ್ಲಿ ಎಂಟು ಮಂದಿ ಸೋಲುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಒಂದೇ ಗಿಡದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಗಂಡು ಹೂವು ಉದ್ದವಾದ ತೆಳು ತೊಟ್ಟಿನ ಮೇಲೆ ನಿಂತಿರುತ್ತದೆ, ಒಳಗೆ ಹಳದಿ ಹುಡಿ ಮೆತ್ತಿದ ಒಂದೇ ಕಡ್ಡಿ. ಹೆಣ್ಣು ಹೂವು ಕಾಂಡಕ್ಕೆ ಅಂಟಿದಂತೆ, ಕೆಳಗೆ ಬೆರಳಿನಂಥ ಮಿಡಿಯನ್ನು ಹೊತ್ತೇ ಹುಟ್ಟುತ್ತದೆ, ಒಳಗೆ ಮೂರು ಹೋಳಿನ ಅಂಟಂಟು ಗಂಟು. ಮಿಡಿ ಕಂಡ ಮಾತ್ರಕ್ಕೆ ಕಾಯಿ ಕಚ್ಚಿದೆ ಎಂದುಕೊಳ್ಳುವುದೇ ಮೂಲ ತಪ್ಪು ತಿಳಿವಳಿಕೆ. ಗಂಡಿನ ಹುಡಿ ಆ ಗಂಟಿಗೆ ತಾಗದಿದ್ದರೆ ಮಿಡಿ ಬೆಳೆಯುವುದಿಲ್ಲ.

ಸಾಮಾನ್ಯವಾಗಿ ಮೊದಲ ಒಂದು ವಾರ ಗಂಡು ಹೂವುಗಳೇ ಬಂದು ಉದುರುತ್ತವೆ. ಅದು ರೋಗವಲ್ಲ. ಚಳಿ ಜೋರಾಗಿದ್ದು ಹಗಲು ಚಿಕ್ಕದಿರುವ ಡಿಸೆಂಬರ್‌ನಲ್ಲಿ ಇದು ತಿರುಗುಮುರುಗಾಗಿ, ಹೆಣ್ಣು ಹೂವುಗಳೇ ಮೊದಲು ಬಂದು ಜೊತೆಯಿಲ್ಲದೆ ಉದುರುವುದೂ ಉಂಟು. ಬಿತ್ತನೆಯನ್ನು ಎರಡು ಕಂತು ಮಾಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಹೂವು ಅರಳುವುದು ಬೆಳಗಿನ ಜಾವ, ಮುದುಡುವುದು ಬಿಸಿಲು ಏರುತ್ತಿದ್ದಂತೆ. ಒಂದು ಹೂವಿಗೆ ಸಿಗುವುದು ಒಂದೇ ಬೆಳಿಗ್ಗೆ. ತುಡುವೆ ಜೇನು, ಮಿಸ್ರಿ ಜೇನು ಓಡಾಡುವ ಹಿತ್ತಿಲಾದರೆ ಅವೇ ಕೆಲಸ ಮುಗಿಸಿಯಾವು, ಆದರೆ ಮಂಜು ಕವಿದ ಚಳಿಯ ಬೆಳಿಗ್ಗೆ ಜೇನು ತಡವಾಗಿ ಹೊರಬೀಳುತ್ತದೆ, ಅಷ್ಟರಲ್ಲಿ ಹೂವು ಮುಚ್ಚುವ ಹೊತ್ತಾಗಿರುತ್ತದೆ. ಜೇನನ್ನೇ ನಂಬಿ ಕೂರಬೇಡಿ.

ಮೊದಲ ಮೊಗ್ಗು ಕಂಡ ದಿನ ಸೊಳ್ಳೆಪರದೆ ತೆಗೆಯಿರಿ. ಬೆಳಿಗ್ಗೆ 7ರಿಂದ 9ರ ನಡುವೆ ಹೀಗೆ ಮಾಡಿ:

ಒಂದು, ಅದೇ ದಿನ ಅರಳಿದ ಗಂಡು ಹೂವನ್ನು ತೊಟ್ಟು ಸಮೇತ ಚಿವುಟಿ. ಕಡ್ಡಿಯನ್ನು ಬೆರಳಿಗೆ ಮುಟ್ಟಿಸಿ, ಹಳದಿ ಹುಡಿ ಹತ್ತಬೇಕು. ಇಬ್ಬನಿಗೆ ಒದ್ದೆಯಾಗಿ ಹುಡಿ ಹತ್ತದಿದ್ದರೆ ಹೂವನ್ನು ಜಗಲಿಯ ಮೇಲೆ ಕಾಲು ಗಂಟೆ ಆರಲು ಇಡಿ.

ಎರಡು, ಎಸಳುಗಳನ್ನೆಲ್ಲ ಹರಿದು ತೆಗೆದರೆ ಕಡ್ಡಿ ಮಾತ್ರ ಉಳಿಯುತ್ತದೆ.

ಮೂರು, ಹೆಣ್ಣು ಹೂವಿನೊಳಗೆ ನೀರಿದ್ದರೆ ಮೆಲ್ಲಗೆ ಬಗ್ಗಿಸಿ ಚೆಲ್ಲಿ. ಕಡ್ಡಿಯನ್ನು ಗಂಟಿನ ಮೂರೂ ಹೋಳಿಗೆ ಹಗುರಾಗಿ ಸವರಿ. ಒಂದೇ ಮಗ್ಗುಲಿಗೆ ಹಚ್ಚಿದರೆ ಕಾಯಿ ಒಂದು ಕಡೆ ದಪ್ಪ, ಒಂದು ಕಡೆ ಸೊಟ್ಟ ಆಗುತ್ತದೆ. ಒಂದು ಗಂಡು ಹೂವು ಎರಡು ಹೆಣ್ಣಿಗೆ ಸಾಕು.

ನಾಲ್ಕು, ಆ ಹೂವಿನ ತೊಟ್ಟಿಗೆ ಬಾಳೆನಾರು ಸಡಿಲವಾಗಿ ಕಟ್ಟಿ ಗುರುತಿಡಿ. ಯಾವುದು ಕೂಡಿಸಿದ್ದು, ಯಾವುದು ಬಿಟ್ಟದ್ದು ಎಂದು ಆಮೇಲೆ ತಿಳಿಯಲು ಇದೊಂದೇ ದಾರಿ.

ಎರಡು-ಮೂರು ದಿನದಲ್ಲಿ ಮಿಡಿ ಹೊಳಪೇರಿ ಉದ್ದವಾಗತೊಡಗಿದರೆ ಕೆಲಸ ಆಯಿತು. ಹಿತ್ತಿಲ ಸಿಹಿಗುಂಬಳದ ಗಂಡು ಹೂವನ್ನು ಇದಕ್ಕೆ ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ನಮ್ಮ ಕಡೆಯ ಸಿಹಿಗುಂಬಳ ಹೆಚ್ಚಾಗಿ ಬೇರೆಯೇ ಜಾತಿಯದು, ಅದನ್ನು ನಂಬಬೇಡಿ. ಸೌತೆ ಹೂವಂತೂ ಆಗುವುದೇ ಇಲ್ಲ. ಹೆಚ್ಚಾದ ಗಂಡು ಹೂವನ್ನು ಬಜ್ಜಿ ಮಾಡಿ ತಿನ್ನಬಹುದು, ಆದರೆ ದಿನಕ್ಕೆ ಎರಡಾದರೂ ಗಿಡದಲ್ಲಿ ಉಳಿಸಿ.

ಹಂತ 8: ಕಾಯಿಯನ್ನು ಓದುವುದು ಕಲಿಯಿರಿ

ಕೊಳೆತ ಕಾಯಿಯೆಲ್ಲ ಒಂದೇ ಅಲ್ಲ. ಕಾರಣ ನಾಲ್ಕು, ಮದ್ದೂ ನಾಲ್ಕು. ತಪ್ಪಾಗಿ ಗುರುತಿಸಿ ಎಲ್ಲಕ್ಕೂ ಔಷಧಿ ಹೊಡೆಯುವುದರಿಂದ ಜೇನು ಸಾಯುತ್ತದೆ, ಕಾಯಿ ಬರುವುದಿಲ್ಲ.

ಹೆಬ್ಬೆರಳು ಗಾತ್ರದಲ್ಲೇ ತುದಿಯಿಂದ ಹಳದಿಯಾಗಿ ಸುಕ್ಕಿದರೆ ಪರಾಗ ತಾಗಿಲ್ಲ. ಹಿಂದಿನ ಹಂತಕ್ಕೆ ಹೋಗಿ.

ಕಾಯಿ ಮೂರ್ನಾಲ್ಕು ಅಂಗುಲ ಬೆಳೆದ ಮೇಲೆ ತುದಿ ಕಂದು-ಕಪ್ಪಾಗಿ ಒಣಗಿ ತಗ್ಗು ಬಿದ್ದರೆ, ತುದಿಗೆ ಸುಣ್ಣಾಂಶ ತಲುಪುತ್ತಿಲ್ಲ. ಮಣ್ಣಿನ ಹುಳಿ ಒಂದು ಕಾರಣ, ಒಂದು ದಿನ ಒಣಗಿಸಿ ಮರುದಿನ ಕೊಡಗಟ್ಟಲೆ ನೀರು ಹಾಕುವುದು ಇನ್ನೊಂದು. ನೀರನ್ನು ಸಮ ಮಾಡಿ, ಮುಚ್ಚಿಗೆ ದಪ್ಪ ಮಾಡಿ.

ಮೋಡ ಕವಿದ ಒದ್ದೆ ದಿನಗಳಲ್ಲಿ, ಬಾಡಿದ ಹೂವು ಅಂಟಿಕೊಂಡ ತುದಿಯಿಂದ ಮೆತ್ತಗೆ ಕೊಳೆತು, ಗುಂಡುಸೂಜಿಯ ತಲೆಯಂಥ ಕಪ್ಪು ಚುಕ್ಕಿಯ ಬೂಜು ಎದ್ದರೆ ಅದು ಶಿಲೀಂಧ್ರ. ಕಾಯಿ ಕಚ್ಚಿದ ಮೂರನೇ ದಿನ ಬಾಡಿದ ಎಸಳನ್ನು ಕೈಯಿಂದ ಮೆಲ್ಲಗೆ ತಿರುವಿ ತೆಗೆದುಬಿಡಿ. ಕಾಯಿಯ ಕೆಳಗೆ ಅಡಿಕೆ ಹಾಳೆಯ ತುಂಡು ಇಡಿ.

ಕಾಯಿಯ ಮೇಲೆ ಸೂಜಿಮೊನೆಯ ತೂತು, ಅದರಿಂದ ಅಂಟು, ಕಾಯಿ ಸೊಟ್ಟ, ಕೊಯ್ದರೆ ಬಿಳಿ ಹುಳು: ಇದು ಹಣ್ಣುನೊಣ. ಬಿಸಿಲು ಏರಿದಂತೆ, ಫೆಬ್ರವರಿಯ ನಂತರ ಇದರ ಕಾಟ ಹೆಚ್ಚು. ಹೂವು ಕೂಡಿಸಿದ ಎರಡನೇ ದಿನ ಮಿಡಿಗೆ ಕಾಗದದ ಚೀಲ ತೊಡಿಸುವುದು ಮನೆಮಟ್ಟಿಗೆ ಅತ್ಯುತ್ತಮ ಉಪಾಯ. ಬಲೆ ತರುವುದಾದರೆ ಕ್ಯೂ ಲೂರ್ ಎಂದು ಕೇಳಿ ತನ್ನಿ. ಮಾವಿನ ತೋಟಕ್ಕೆ ಕಟ್ಟುವ ಮಿಥೈಲ್ ಯೂಜಿನಾಲ್ ಬಲೆ ಸೌತೆ ಜಾತಿಯ ನೊಣಕ್ಕೆ ಕೆಲಸ ಮಾಡುವುದಿಲ್ಲ. ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಆದ್ದರಿಂದ ಬಲೆ ಇದ್ದರೂ ಚೀಲ ಬಿಡಬೇಡಿ. ಹುಳುಬಿದ್ದ ಕಾಯಿಯನ್ನು ಗೊಬ್ಬರಗುಂಡಿಗೆ ಎಸೆದರೆ ನೊಣದ ಮುಂದಿನ ಪೀಳಿಗೆಯನ್ನು ನೀವೇ ಸಾಕಿದಂತೆ. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ವಾರ ಬಿಸಿಲಲ್ಲಿಡಿ, ಇಲ್ಲವೇ ಒಂದೂವರೆ ಅಡಿ ಆಳಕ್ಕೆ ಹೂಳಿ.

ಎಲೆಯ ವಿಷಯಕ್ಕೆ ಬಂದರೆ, ನರಗಳ ನಡುವೆ ಬೆಳ್ಳಿಬಣ್ಣದ ಮಚ್ಚೆ ಕೆಲವು ತಳಿಗಳ ಹುಟ್ಟುಗುಣ. ಬೆರಳಿಂದ ಉಜ್ಜಿ ನೋಡಿ, ಅಳಿಸಿಹೋಗದಿದ್ದರೆ ರೋಗವಲ್ಲ. ಹಿಟ್ಟಿನಂತೆ ಕೈಗೆ ಹತ್ತಿದರೆ ಬೂದಿರೋಗ. ತಳದ ಹಳೆ ಎಲೆ ಎರಡು-ಮೂರನ್ನು ಕತ್ತರಿಸಿ ತೆಗೆದು, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಬಿಸಿಲಿರುವಾಗ ಸಿಂಪಡಿಸಿ. ಬ್ರೆಜಿಲ್‌ನಲ್ಲಿ ಇದೇ ಜುಕಿನಿಯ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಾಲು ಬೂದಿರೋಗವನ್ನು ಹತೋಟಿಗೆ ತಂದಿತ್ತು. ರೋಗ ಎಲ್ಲ ಎಲೆಗೂ ಹರಡಿದ ಮೇಲೆ ಇದರಿಂದ ಪ್ರಯೋಜನವಿಲ್ಲ, ಮೊದಲ ಮಚ್ಚೆಗೇ ಶುರುಮಾಡಬೇಕು.

ಮಲೆನಾಡಿಗರಿಗೆ ವಿಶೇಷವಾಗಿ ಹೇಳಬೇಕಾದ ಮಾತು: ಅಡಿಕೆ ಕೊಳೆಗೆ ಮಾಡಿಟ್ಟ ಬೋರ್ಡೋ (ಮೈಲುತುತ್ತ-ಸುಣ್ಣದ) ದ್ರಾವಣ ಉಳಿದಿದೆ ಎಂದು ಇದಕ್ಕೆ ಹೊಡೆಯಬೇಡಿ. ಸೌತೆ-ಕುಂಬಳದ ಕುಲಕ್ಕೆ ತಾಮ್ರವೂ ಗಂಧಕವೂ ಬೇಗ ನಾಟುತ್ತವೆ, ಎಲೆಯಂಚು ಸುಟ್ಟು ಗಿಡ ಹಿಂದೆ ಬೀಳುತ್ತದೆ.

ಹೇನು, ಬಿಳಿನೊಣ ಎಲೆಯಡಿ ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ದ್ರವಸೋಪು ಕಲಕಿ, ಹೂವು ಮುಚ್ಚಿದ ಮೇಲೆ ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಹಾಲು ಹೊಡೆದ ದಿನವೇ ಇದು ಬೇಡ. ಹೊಸ ಎಲೆ ಮುರುಟಿ, ಹಳದಿ-ಹಸಿರು ಚಿತ್ತಾರ ಮೂಡಿ, ಕಾಯಿಯ ಮೇಲೆ ಗುಬುಟು ಎದ್ದರೆ ಅದು ನಂಜುರೋಗ. ಮದ್ದಿಲ್ಲ. ಕನಿಕರ ಪಡದೆ ಅದೇ ದಿನ ಕಿತ್ತು ದೂರ ಹೂಳಿ, ಕೈಯನ್ನೂ ಚಾಕುವನ್ನೂ ತೊಳೆದೇ ಇನ್ನೊಂದು ಗಿಡ ಮುಟ್ಟಿ.

ಮಂಗ ಬರುವ ಊರಾದರೆ ಪರದೆಯ ಬದಲು ಮೇಲೆ ಮೀನಿನ ಬಲೆ ಕಟ್ಟಲೇಬೇಕು. ಕಣ್ಣಿಯೊಳಗೆ ಜೇನು ಸಲೀಸಾಗಿ ಹೋಗುತ್ತದೆ.

ಹಂತ 9: ಕೊಯ್ಲು

ಹೂವು ಕೂಡಿಸಿದ 4–7 ದಿನಕ್ಕೆ ಕಾಯಿ ಒಂದು ಗೇಣಿಗಿಂತ ತುಸು ಚಿಕ್ಕದಾಗಿ, ಅಂದರೆ 15–20 ಸೆಂ.ಮೀ. ಆಗಿರುತ್ತದೆ. ಉಗುರು ಊರಿದರೆ ಸಿಪ್ಪೆ ಸುಲಭವಾಗಿ ಇಳಿಯಬೇಕು. ತಿರುಚಿ ಕೀಳದೆ ಚಾಕುವಿನಿಂದ ಒಂದು ಅಂಗುಲ ತೊಟ್ಟು ಬಿಟ್ಟು ಕತ್ತರಿಸಿ. ಎಲೆಯ ದಂಟಿನ ಮುಳ್ಳು ಕೈ ತುರಿಸುತ್ತದೆ, ತುಂಬುತೋಳಿನ ಅಂಗಿ ಹಾಕಿಕೊಳ್ಳಿ.

ಇನ್ನೂ ಸ್ವಲ್ಪ ದಪ್ಪವಾಗಲಿ ಎಂದು ಬಿಟ್ಟರೆ ಕಾಯಿ ಬೂದುಗುಂಬಳದ ದಾರಿ ಹಿಡಿಯುತ್ತದೆ: ಸಿಪ್ಪೆ ಗಟ್ಟಿ, ಒಳಗೆ ಬೀಜ, ರುಚಿ ಸಪ್ಪೆ. ಒಂದು ಕಾಯಿ ಬಲಿಯಲು ಬಿಟ್ಟರೂ ಗಿಡ ಹೊಸ ಹೆಣ್ಣು ಹೂವು ಬಿಡುವುದನ್ನು ತಗ್ಗಿಸುತ್ತದೆ. ಹಾಗಾಗಿ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಊರಿಗೆ ಹೋಗುವುದಿದ್ದರೆ ಎಳೆಯದನ್ನೂ ಕೊಯ್ದಿಟ್ಟು ಹೋಗಿ. ಚೆನ್ನಾಗಿ ನೋಡಿಕೊಂಡ ಗಿಡ ಎರಡರಿಂದ ನಾಲ್ಕು ಕೆ.ಜಿ. ಕಾಯಿ ಕೊಡುತ್ತದೆ. ಪಲ್ಯಕ್ಕೂ ಮೊಸರು ಸಾಸಿವೆಗೂ ಎಳೆಕಾಯಿಯನ್ನು ಸಿಪ್ಪೆ ತೆಗೆಯದೆ ಬಳಸಿ, ಬೇಗ ಬೇಯುತ್ತದೆ, ನೀರು ಹಾಕಬೇಡಿ.

ಅಂಗಳದ ಚೀಲದಲ್ಲಿ ಬೆಳೆಯುವವರಿಗೆ

20–25 ಲೀಟರ್ ಹಿಡಿಯುವ ಚೀಲಕ್ಕೆ ಒಂದೇ ಗಿಡ. ಕೆಮ್ಮಣ್ಣು, ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು. ಬೇವಿನ ಹಿಂಡಿ 100 ಗ್ರಾಂ. ನೀರು ದಿನಾ ಬೇಕು. ಚೀಲವನ್ನು ಸಿಮೆಂಟ್ ನೆಲಕ್ಕೆ ತಾಗಿಸದೆ ಎರಡು ಇಟ್ಟಿಗೆಯ ಮೇಲಿಡಿ, ತಳದ ತೂತು ಕಟ್ಟಿದರೆ ಬೇರು ಕೊಳೆಯುತ್ತದೆ. ಉಳಿದೆಲ್ಲ ಮೇಲಿನಂತೆಯೇ.

ಬೀಜ ಉಳಿಸುವ ಮೊದಲು

ಹೈಬ್ರಿಡ್ ಗಿಡದ ಬೀಜ ಇಡಬೇಡಿ, ಮುಂದಿನ ವರ್ಷ ತಾಯಿಗಿಡದ ಗುಣ ಬರುವುದಿಲ್ಲ. ಬ್ಲ್ಯಾಕ್ ಬ್ಯೂಟಿಯಂಥ ಸಾದಾ ತಳಿಯಾದರೆ, ಫಸಲಿನ ಕೊನೆಗೆ ಕೈಯಲ್ಲಿ ಕೂಡಿಸಿ ಹೂವಿನ ಬಾಯಿಗೆ ದಾರ ಕಟ್ಟಿದ ಒಂದು ಕಾಯಿಯನ್ನು ಸಿಪ್ಪೆಗೆ ಉಗುರು ಇಳಿಯದಷ್ಟು ಬಲಿಯಲು ಬಿಡಿ. ಕೊಯ್ದು ಮೂರು ವಾರ ಇಟ್ಟು, ಬೀಜ ತೊಳೆದು ನೆರಳಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಗೆ ತುಂಬಿ. ಮಲೆನಾಡಿನ ಮಳೆಗಾಲದ ತೇವ ಬಟ್ಟೆಗಂಟಿನಲ್ಲಿಟ್ಟ ಬೀಜವನ್ನು ಉಳಿಸುವುದಿಲ್ಲ.

ಮನೆಯಲ್ಲೇ ಉಳಿಸಿದ ಬೀಜದಿಂದ ಬಂದ ಮೊದಲ ಕಾಯಿಯ ಒಂದು ಚೂರನ್ನು ಹಸಿಯಾಗಿ ನಾಲಗೆಗೆ ಮುಟ್ಟಿಸಿ ನೋಡಿ. ಕಹಿ ತಾಗಿದರೆ ಉಗುಳಿ, ಆ ಗಿಡವನ್ನೇ ಕಿತ್ತುಹಾಕಿ. ಅಲಂಕಾರದ ಕುಂಬಳದ ಜೊತೆ ಮಿಶ್ರವಾದ ಬೀಜದಿಂದ ಈ ಕಹಿ ಬರಬಹುದು. ಅದರಲ್ಲಿರುವ ಕುಕುರ್ಬಿಟಾಸಿನ್ ವಿಷ ಬೇಯಿಸಿದರೂ ಹೋಗುವುದಿಲ್ಲ, ವಾಂತಿ-ಭೇದಿ ತರಿಸುತ್ತದೆ. ಉಪ್ಪು, ಬೆಲ್ಲ, ಹುಳಿ ಹಾಕಿ ಕಹಿ ಮುಚ್ಚಿ ಅಡುಗೆಗೆ ಬಳಸಬೇಡಿ, ದನಕ್ಕೂ ಹಾಕಬೇಡಿ.